ಕರ್ಣಕುಂಡಲ ಉದುರುವವರೆಗೆ

ಈ ವರ್ಷ ಕರ್ಣಕುಂಡಲ ಹುಟ್ಟಿದ್ದು ರೇವಕ್ಕನ ಬಾಗಿಲಿಗೆ ಅಡ್ಡವಾಗಿ. ಹೋದ ವರ್ಷ ಅಂಚೆ ಪೆಟ್ಟಿಗೆಯ ಸುತ್ತ ಹುಟ್ಟಿತ್ತು. ಮಳೆಗಾಲ ಮುಗಿಯುವವರೆಗೆ ಊರಿಂದ ಒಂದು ಕಾಗದವೂ ಹೊರಗೆ ಹೋಗಲಿಲ್ಲ, ಅದಕ್ಕಾಗಿ ಯಾರೂ ಅಳಲೂ ಇಲ್ಲ. ಅದರ ಹಿಂದಿನ ವರ್ಷ ಶಾಲೆಯ ಮೆಟ್ಟಿಲಿಗೇ ಬಂದು ಕೂತಿತ್ತು. ಮಕ್ಕಳು ಕಿಟಕಿ ಹತ್ತಿ ಒಳಗೆ ಹೋದರು. ಮೇಷ್ಟ್ರು ದಪ್ಪ ಆಸಾಮಿ, ಕಿಟಕಿಯಲ್ಲಿ ಹಿಡಿಸಲಿಲ್ಲ, ಹೊರಗೇ ನಿಂತು ಪಾಠ ಹೇಳಿದರು.

ನಮ್ಮೂರಲ್ಲಿ ಹೀಗೇ. ಯಾರೂ ಬಿತ್ತದೆ, ಯಾರೂ ನೀರು ಹಾಕದೆ ಮೊದಲ ಮಳೆಗೆ ತಾನಾಗಿ ಹುಟ್ಟಿದ ಹೂವಿನ ನೆಲವನ್ನು, ಅದು ಹೂಬಿಟ್ಟು ಕಾಯಿಕಟ್ಟಿ ಒಣಗಿ ಕೊನೆಯ ಬೀಜ ಉದುರಿಸುವವರೆಗೆ ಯಾರೂ ತುಳಿಯುವುದಿಲ್ಲ, ದಾಟುವುದಿಲ್ಲ. ಆ ನೆಲ ಮುಚ್ಚಿತು ಅಂತ ಅರ್ಥ. ಅದಕ್ಕೇ ಇಲ್ಲಿ ಮನೆಗಳನ್ನು ಗೋಡೆಗೆ ಗೋಡೆ ಅಂಟಿಸಿ ಕಟ್ಟುತ್ತಾರೆ. ಎರಡು ಮನೆಯ ನಡುವಿನ ಗೋಡೆಯಲ್ಲಿ ಒಂದು ಗಿಡ್ಡಬಾಗಿಲು ಇರುತ್ತದೆ. ಒಂದು ಮನೆಯ ಬಾಗಿಲು ಮುಚ್ಚಿದರೆ ಪಕ್ಕದ ಮನೆಯವರು ಗಿಡ್ಡಬಾಗಿಲು ತೆಗೆದು ದಾರಿ ಕೊಡಬೇಕು. ದಾರಿ ಕೊಟ್ಟವನಿಗೆ ಎರಡೇ ನಿಯಮ. ಯಾರು ಯಾವಾಗ ಎಲ್ಲಿಗೆ ಹೋದರು ಅಂತ ಕೇಳಬಾರದು. ಕಂಡದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ಹೇಳಿದವನನ್ನು ಊರು ಬೈಯುವುದಿಲ್ಲ, ದಂಡ ಹಾಕುವುದಿಲ್ಲ. ಬಾಯಿಬಿಟ್ಟವನು ಅಂತ ಕರೆಯುತ್ತದೆ, ಅಷ್ಟೆ. ಬಾಯಿಬಿಟ್ಟವನ ಬಾಗಿಲಿಗೆ ಹೂ ಬಂದರೆ ಅವನಿಗೆ ಯಾರೂ ದಾರಿ ಕೊಡುವುದಿಲ್ಲ.

ರೇವಕ್ಕ ನನ್ನ ಪಕ್ಕದ ಮನೆ. ರವಿಕೆ ಹೊಲಿಯುತ್ತಾಳೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು ವನಜ, ಮದುವೆಗೆ ಬಂದವಳು. ಅವರ ಮನೆಗೆ ಹಿತ್ತಲ ಬಾಗಿಲಿಲ್ಲ. ಆಚೆ ಪಕ್ಕದ ಮನೆಗೆ ಬೀಗ ಬಿದ್ದು ಎಷ್ಟೋ ಕಾಲವಾಗಿದೆ. ಹಾಗಾಗಿ ಜೋಡಿ ಎಲೆಯ ಸಸಿಗಳು ಅವರ ಹೊಸ್ತಿಲ ಮುಂದೆ ಒತ್ತೊತ್ತಾಗಿ ತಲೆ ಎತ್ತಿದ ದಿನವೇ ನನ್ನ ಹೆಂಡತಿ ಕೊಟ್ರಮ್ಮ ಗಿಡ್ಡಬಾಗಿಲಿಗೆ ಒರಗಿಸಿದ್ದ ಜೋಳದ ಚೀಲಗಳನ್ನು ಎಳೆದು ಪಕ್ಕಕ್ಕೆ ಹಾಕಿದಳು.

ನನ್ನದು ಹಿಟ್ಟಿನ ಗಿರಣಿ. ಬೆಲ್ಟಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದು. ಸಿಟ್ಟೂ ದೊಡ್ಡದು, ಅದಕ್ಕೆ ಗಿರಣಿಯನ್ನು ದೂರಲಾರೆ. ದಾರಿ ಕೊಡುವುದು ನನಗೆ ಹಿಡಿಸಲಿಲ್ಲ. ಗಿಡ್ಡಬಾಗಿಲು ತೆರೆಯುವುದು ನಮ್ಮ ಅಡಿಗೆಮನೆಗೆ. ನಾನು ಬನಿಯನ್ನಿನಲ್ಲಿ ಕೂತು ಉಣ್ಣುವಾಗ ರೇವಕ್ಕ ಕೆಮ್ಮಿ, ತಲೆ ತಗ್ಗಿಸಿ, ರವಿಕೆ ಗಂಟು ಹಿಡಿದು ನನ್ನ ತಟ್ಟೆಯ ಪಕ್ಕದಲ್ಲೇ ದಾಟುತ್ತಿದ್ದಳು. ನಮ್ಮ ಮನೆಯಲ್ಲಿ ಯಾವತ್ತು ಬರೀ ಅಂಬಲಿ, ಯಾವತ್ತು ಜಗಳ, ಯಾವತ್ತು ನಾನು ತಟ್ಟೆ ತಳ್ಳಿ ಎದ್ದೆ, ಎಲ್ಲವನ್ನೂ ಅವಳು ಕಂಡಳು. ಅವಳಿಗೆ ಕೇಳಲಿ ಅಂತಲೇ ಕೊಟ್ರಮ್ಮ ನನ್ನನ್ನು ಆ ಮೂರು ತಿಂಗಳು ಮೊದಲಿಗಿಂತ ಚೆನ್ನಾಗಿ ಬೈದಳು ಅಂತ ನನ್ನ ಅನುಮಾನ.

ವನಜ ಬೇರೆ ಥರ. ಹೊತ್ತು ಮೂಡುವ ಮೊದಲು ಬರಿಗಾಲಲ್ಲಿ ಬರುತ್ತಿದ್ದಳು. ಕೆಮ್ಮು ಕೇಳಿದರೂ ಕೇಳಿಸದಷ್ಟು. ನಾನು ಅಡಿಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಮಲಗುವವನು, ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಬಿಸಿಲು ಮೆಟ್ಟಿಲು ಹತ್ತುವಷ್ಟರಲ್ಲಿ ವಾಪಸು ಬರುತ್ತಿದ್ದಳು. ರೇವಕ್ಕ ತಡರಾತ್ರಿವರೆಗೆ ಹೊಲಿದು ಬೆಳಿಗ್ಗೆ ತಡವಾಗಿ ಏಳುವವಳು. ದಿನವೂ ಇದೇ ನಡೆಯಿತು. ನಾನು ಕೇಳಲಿಲ್ಲ. ಕೇಳದೆ ಇರುವುದು ನನ್ನಂಥವನಿಗೆ ಎಷ್ಟು ಕಷ್ಟ ಅಂತ ಯಾರಿಗೂ ಗೊತ್ತಾಗುತ್ತಿಲ್ಲವಲ್ಲ ಅನ್ನುವುದೊಂದೇ ನನ್ನ ಸಂಕಟವಾಗಿತ್ತು.

ನವರಾತ್ರಿ ಕಳೆದ ಮೇಲೆ ಊರು ನೋಡಲು ಅಸಹ್ಯ. ಗುಲಾಬಿ, ಬಿಳಿ, ಕೆಂಪು ಎಲ್ಲ ಹೋಗಿ ಕರ್ಣಕುಂಡಲದ ದಂಟುಗಳು ಬೆಂದ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತವೆ. ಕೋಳಿಜುಟ್ಟಿನ ಹೂ ಕಂದಿ ಕಂಬಳಿ ಚೂರಿನಂತಾಗುತ್ತದೆ. ಯಾರೂ ಕೀಳುವಂತಿಲ್ಲ, ಗುಡಿಸುವಂತಿಲ್ಲ. ಹೊರಊರಿನವರು ಇದೇನು ಸೋಮಾರಿಗಳ ಊರು ಅನ್ನುತ್ತಾರೆ. ನಾವು ಮಾತ್ರ ಹೋಗಿ ಬರುವಾಗ ಕಾಯಿಗಳನ್ನು ನೋಡುತ್ತೇವೆ. ಹಸಿರು ತಿಳಿಯಾಗಿ, ಹೊಟ್ಟೆ ಉಬ್ಬಿ, ಮೈಮೇಲೆ ಗೆರೆ ಕಂಡರೆ ಇನ್ನೇನು ಸಿಡಿಯಿತು ಅಂತ ಲೆಕ್ಕ. ಬೀಜ ಎಲ್ಲಿ ಬಿತ್ತು, ಇರುವೆ ಎತ್ತ ಕಡೆ ಹೊತ್ತಿತು, ಮಳೆನೀರು ಎತ್ತ ಹರಿಯುತ್ತದೆ, ಬರುವ ವರ್ಷ ಯಾರ ಬಾಗಿಲು ಅಂತ ಕಟ್ಟೆಯ ಮೇಲೆ ಕೂತವರು ವಾದ ಮಾಡುತ್ತಾರೆ. ಒಂದು ವರ್ಷವೂ ಯಾರ ಮಾತೂ ನಿಜವಾಗಿಲ್ಲ.

ಆ ಹೊತ್ತಿನಲ್ಲೇ ವನಜಳನ್ನು ನೋಡಲು ಹೊರಊರಿನವರು ಬರುತ್ತೇವೆ ಅಂದರು. ಹೂ ಉದುರಲಿ, ಬಾಗಿಲು ತೆರೆಯಲಿ, ಆಮೇಲೆ ಬನ್ನಿ ಅಂತ ರೇವಕ್ಕ ಹೇಳಿಕಳಿಸಿದಳು. ಹುಡುಗನ ಸೋದರತ್ತೆ ಹಂಪಮ್ಮ ಕೇಳಲಿಲ್ಲ. ಹುಡುಗನಿಗೆ ತಾಯಿ ಇಲ್ಲ, ಸಾಕಿದವಳು ಇವಳೇ, ಇವಳದೇ ಮಾತು. ಅವರೂರಲ್ಲಿ ಹೂಗಳು ಕುಂಡದಲ್ಲಿ ಇರುತ್ತವಂತೆ.

ನಾನೇ ಹೇಳಿದೆ. "ಬರ್ಲಿ ಬಿಡು ರೇವಕ್ಕ. ನಮ್ಮನೆ ದಾರಿ ಏನು ಕಾಡುದಾರಿನಾ?" ಅಡಿಗೆಮನೆಗೆ ಸುಣ್ಣ ಬಳಿಸಿದೆ. ಕೊಟ್ರಮ್ಮ ಮಸಿ ಹಿಡಿದ ಪಾತ್ರೆಗಳನ್ನೆಲ್ಲ ಚೀಲಗಳ ಹಿಂದೆ ಬಚ್ಚಿಟ್ಟಳು. ನಾನು ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲಿ ನಿಂತೆ, ನನ್ನ ಮಗಳನ್ನೇ ನೋಡಲು ಬಂದಿದ್ದಾರೆ ಅನ್ನುವ ಹಾಗೆ.

ಹಂಪಮ್ಮ ದೊಡ್ಡ ಹೆಂಗಸು, ನಗುಮುಖ, ನಾಲಗೆ ಚುರುಕು. ನಮ್ಮ ಒಲೆಯನ್ನು ಬಳಸಿಕೊಂಡು, ಸೆರಗು ಎತ್ತಿ ಹಿಡಿದು, ಗಿಡ್ಡಬಾಗಿಲ ಮುಂದೆ ನಿಂತು, "ಏನಮ್ಮ ಇದು, ಹೆಣ್ಣು ನೋಡೋಕೆ ಬಂದೋರು ಪಕ್ಕದ ಮನೆ ಸಾರು ಏನಂತ ನೋಡ್ಕೊಂಡು ಹೋಗ್ಬೇಕಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಗ್ಗಿ ಬಗ್ಗಿ ಒಬ್ಬೊಬ್ಬರಾಗಿ ಆಚೆ ಹೋದರು.

ಒಳಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಹುಡುಗ ಮಾತು ಕಡಿಮೆ, ವನಜಳನ್ನು ನೋಡಿ ಇನ್ನೂ ಕಡಿಮೆಯಾದ. ಅವಲಕ್ಕಿ ತಿಂದರು, ಚಹಾ ಕುಡಿದರು, ಹುಣ್ಣಿಮೆ ಕಳೆದು ಮಾತು ಮುಗಿಸೋಣ ಅಂದರು. ವಾಪಸು ಹೊರಟಾಗ ರೇವಕ್ಕ ಮತ್ತು ವನಜ ಅವರನ್ನು ಬೀದಿವರೆಗೆ ಕಳಿಸಲು ನಮ್ಮ ಅಡಿಗೆಮನೆಗೆ ಬಂದರು. ಹಂಪಮ್ಮ ನನ್ನ ಮುಂದೆ ನಿಂತು, ಅದೇ ನಗುಮುಖದಲ್ಲಿ, ತಮಾಷೆಗೇ ಇರಬೇಕು, ಕೇಳಿದಳು. "ಯಜಮಾನ್ರೇ, ಈ ದಾರಿಗೆ ತಿಂಗಳಿಗೆ ಎಷ್ಟು ಬಾಡಿಗೆ ತಗೊಳ್ತೀರಿ?"

ನಮ್ಮೂರಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ನೆತ್ತಿಗೆ ಏರಿತು.

"ಬಾಡಿಗೆನಾ? ಬಾಡಿಗೆ ತಗೊಳ್ಳೋ ಮನೆ ಅಲ್ಲಮ್ಮ ಇದು. ಮೂರು ತಿಂಗ್ಳಿಂದ ಈ ಬಾಗ್ಲಿಗೆ ಚಿಲಕ ಹಾಕಿಲ್ಲ ನಾನು. ಹೊತ್ತು ಮೂಡೋಕೆ ಮುಂಚೆ ಈ ಹುಡುಗಿ ನನ್ನ ತಲೆದೆಸೆಯಿಂದ ದಾಟಿ ಹೋಗ್ತಾಳೆ. ದಿನಾ. ಬಿಸ್ಲು ಬಂದ್ಮೇಲೆ ಬರ್ತಾಳೆ. ಎಲ್ಲಿಗೆ ಅಂತ ಕೇಳಿದೀನಾ? ಯಾಕೆ ಅಂತ ಕೇಳಿದೀನಾ? ಕೇಳ್ರಿ ಅವಳನ್ನೇ. ಅಂಥ ಮನೆ ಇದು."

ಕೇಳಿಲ್ಲ ಅಂತ ಜಂಭ ಕೊಚ್ಚಲು ಹೋಗಿ ಹೇಳಿಬಿಟ್ಟಿದ್ದೆ. ಮಾತು ಮುಗಿದ ಮೇಲೂ ನನಗೆ ತಕ್ಷಣ ಹೊಳೆಯಲಿಲ್ಲ. ಕೊಟ್ರಮ್ಮನ ಕೈಯಲ್ಲಿದ್ದ ಚೊಂಬು ಓರೆಯಾಗಿ ನೀರು ನೆಲಕ್ಕೆ ಸುರಿಯುತ್ತಿತ್ತು, ಅವಳು ಅದನ್ನು ನೆಟ್ಟಗೆ ಮಾಡಲಿಲ್ಲ. ಆಮೇಲೆ ರೇವಕ್ಕನ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದಳು. ಅವಳಿಗೂ ಈ ವಿಷಯ ಗೊತ್ತಿರಲಿಲ್ಲ.

ಹಂಪಮ್ಮನ ನಗು ನಿಧಾನವಾಗಿ ಇಳಿಯಿತು. "ದಿನಾನಾ?" ಅಂದಳು. ವನಜ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಬಂದವರು ಚಪ್ಪಲಿ ಮೆಟ್ಟಿ ಹೊರಟುಹೋದರು.

ನಾಲ್ಕು ಮನೆ ಆಚೆಗೂ ನನ್ನ ಮಾತು ಕೇಳಿಸಿತ್ತು, ಗಂಟಲು ಅಂಥದ್ದು. ಸಂಜೆ ಗಿರಣಿಗೆ ಬಂದವರು ಹಿಟ್ಟಿನ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಸಣ್ಣಗೆ ಬೀಸು, ತರಿ ಬೇಡ, ಅಷ್ಟೆ. ಮನೆಯಲ್ಲಿ ಕೊಟ್ರಮ್ಮ ಊಟಕ್ಕೆ ಇಟ್ಟು ಎದುರಿಗೆ ಕೂತಳು.

"ಒಂದ್ ಮಾತು, ಒಂದೇ ಒಂದ್ ಮಾತು ನುಂಗಕಾಗ್ಲಿಲ್ವಾ? ದಿನಾ ಮುದ್ದೆ ನುಂಗಲ್ವಾ?"

"ಬಾಡಿಗೆ ಅಂದ್ಲಲ್ಲೇ ಅವಳು."

"ಅಂದ್ರೆ ಅನ್ಲಿ. ಆಯಮ್ಮ ಅಂದಿದ್ದು ನಮಗೆ. ನೀವಂದಿದ್ದು ಯಾರಿಗೆ?" ತಟ್ಟೆಗೆ ಸಾರು ಹಾಕುತ್ತ, "ನಾಳೆ ನಮ್ ಬಾಗ್ಲಿಗೆ ಹೂ ಬಂದ್ರೆ ನಾನೂ ಒಳಗೇ ಸಾಯ್ಬೇಕು. ನಾನೇನ್ ಬಾಯಿ ಬಿಟ್ಟಿದ್ದೆ?" ಅಂದಳು.

ಉತ್ತರ ಇಲ್ಲದಾಗ ನಾನು ಸಾಮಾನ್ಯವಾಗಿ ಕೂಗುತ್ತೇನೆ. ಅವತ್ತು ಕೂಗಲೂ ಆಗಲಿಲ್ಲ.

ಗಿಡ್ಡಬಾಗಿಲಿಗೆ ಆ ಕಡೆಯಿಂದ ಒಂದು ಚಾಪೆ ಇಳಿಬಿಟ್ಟರು. ರೇವಕ್ಕನಿಗೆ ಹೊಲಿದ ರವಿಕೆ ತಲುಪಿಸದೆ ವಿಧಿ ಇಲ್ಲ, ಆದ್ದರಿಂದ ದಿನಕ್ಕೊಂದು ಸಲ ಚಾಪೆ ಸರಿಸಿ ಬರುತ್ತಿದ್ದಳು. ಮೊದಲಿನ ಹಾಗೆ ಕೆಮ್ಮುತ್ತಿರಲಿಲ್ಲ. ಮನೆಯಲ್ಲಿ ಜನ ಇದ್ದರೆ ತಾನೇ ಕೆಮ್ಮುವುದು. ನಾನು ಕೂತಿರುವ ಜಾಗವನ್ನು ಖಾಲಿ ಜಾಗ ದಾಟುವ ಹಾಗೆ ದಾಟುತ್ತಿದ್ದಳು. ವನಜಳನ್ನು ಮಾತ್ರ ಹೊರಗೆ ಬಿಡಲಿಲ್ಲ. ಗೋಡೆಯಾಚೆ ರೇವಕ್ಕನ ದನಿ ಕೇಳಿಸುತ್ತಿತ್ತು. "ಎಲ್ಲಿಗೆ ಹೋಗ್ತಿದ್ದೆ? ಹೇಳೇ. ಯಾರವ್ನು?" ಮಗಳ ದನಿ ಒಂದು ಸಲವೂ ಕೇಳಿಸಲಿಲ್ಲ.

ಊರಿಗೆ ಮಾತ್ರ ಎಲ್ಲ ಗೊತ್ತಾಗಿಬಿಟ್ಟಿತ್ತು. ಲಾರಿ ಡ್ರೈವರ್ ಅಂದರು, ಅಂಚೆಯವನು ಅಂದರು, ಇಬ್ಬರೂ ಅಂದರು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಗಿರಣಿ ನಿಂತಿತು, ಮನೆಗೆ ಬಂದೆ. ಕೊಟ್ರಮ್ಮ ಇರಲಿಲ್ಲ. ರೇವಕ್ಕ ರವಿಕೆ ಗಂಟು ಹೊತ್ತು ಬೀದಿಯಲ್ಲಿ ಹೋಗುವುದನ್ನು ಬರುವಾಗಲೇ ಕಂಡಿದ್ದೆ. ನೀರು ಕುಡಿಯುತ್ತಿದ್ದಾಗ ಚಾಪೆಯ ಹಿಂದಿನಿಂದ ಮಾತು ಬಂತು.

"ಮಾವ, ಇದೀರಾ?"

"ಇದೀನವ್ವ."

"ಈ ಕಡೆ ನೋಡ್ಬ್ಯಾಡಿ. ಒಂದ್ ಕೆಲ್ಸ ಐತೆ, ಮಾಡಿ."

ಮಾಡ್ತೀರಾ ಅಂತ ಕೇಳಲಿಲ್ಲ, ಮಾಡಿ ಅಂದಳು. ಚಾಪೆಯ ಕೆಳಗಿನಿಂದ ಒಂದು ಬಟ್ಟೆಯ ಗಂಟು ನೂಕಿದಳು. ರವಿಕೆ ಚೂರುಗಳನ್ನು ಸೇರಿಸಿ ಹೊಲಿದ ಬಟ್ಟೆ. ಒಳಗೆ ಜೋಳದ ರೊಟ್ಟಿ ಇತ್ತು, ಇನ್ನೂ ಬೆಚ್ಚಗಿತ್ತು.

"ಕೊಡೆ ಷಣ್ಮುಖಪ್ಪಂಗೆ ಕೊಟ್ಟು ಬನ್ನಿ. ಮನೆ ಹಿಂದೆ ಬಿದ್ದ ಗೋಡೆ ಐತಲ್ಲ, ಅದರ ಮೇಲಿಟ್ಟು ಕರೀರಿ. ಈ ನಡುವೆ ತಾತ ಏನ್ ತಿಂದೈತೋ ಗೊತ್ತಿಲ್ಲ."

ಷಣ್ಮುಖಪ್ಪ ಕೊಡೆ ರಿಪೇರಿ ಮಾಡುತ್ತಿದ್ದ ಮುದುಕ. ನನಗಿಂತ ಮೊದಲು ನಮ್ಮೂರಲ್ಲಿ ಬಾಯಿಬಿಟ್ಟವನು ಅವನೊಬ್ಬನೇ. ಈ ವರ್ಷ ಅವನ ಮನೆಯ ಮುಂದೂ ಚೆಂಡುಹೂ, ಹಿಂದೂ ಚೆಂಡುಹೂ. ಅಕ್ಕಪಕ್ಕದವರು ಗಿಡ್ಡಬಾಗಿಲು ತೆಗೆಯಲಿಲ್ಲ. ಮುದುಕ ಅಕ್ಕಿ ಕೂಡಿಟ್ಟಿದ್ದಾನೆ ಅಂತ ಯಾರೋ ಅಂದರು, ಇಟ್ಟಿರಬೇಕು ಅಂತ ಎಲ್ಲರೂ ನಂಬಿದೆವು. ನಂಬಿಕೊಂಡೇ ನಾನು ದಿನಾ ಆ ಬೀದಿಯಲ್ಲಿ ಗಿರಣಿಗೆ ಹೋಗುತ್ತಿದ್ದೆ.

"ಅಯ್ಯೋ ಹುಡುಗಿ, ಇಷ್ಟೇನಾ? ಅವತ್ತೇ ಬಾಯಿ ಬಿಟ್ಟು ಹೇಳೋಕೇನಾಗಿತ್ತು? ನಾನೀಗ್ಲೇ ಹೋಗಿ ಅವರಿಗೆ ಹೇಳಿ ಬರ್ತೀನಿ, ಊರ ಮಧ್ಯ ನಿಂತು ಹೇಳ್ತೀನಿ."

"ಹೇಳ್ತೀರಿ. ನಿಮಗದೊಂದು ಬರ್ತದೆ."

ನಾನು ಗಂಟನ್ನು ಕೈಗೆತ್ತಿಕೊಂಡೆ.

"ಬಾಯಿಬಿಟ್ಟವನಿಗೆ ಅನ್ನ ಹಾಕಿದ್ ಮನೆ ಅಂತ ಆದ್ರೆ ಅಮ್ಮಂಗೂ ಯಾರೂ ದಾರಿ ಕೊಡಲ್ಲ. ನಾನು ಇವತ್ತಲ್ಲ ನಾಳೆ ಹೋಗೋಳು. ಅಮ್ಮ ಇಲ್ಲೇ ಇರ್ಬೇಕಲ್ಲ ಮಾವ. ಅದಕ್ಕೇ ಅಮ್ಮಂಗೂ ಹೇಳಿಲ್ಲ. ಗೊತ್ತಿಲ್ಲ ಅಂದ್ರೆ ತಪ್ಪಿಲ್ಲ ಅಂತ."

"ಮತ್ತೆ ನಂಗ್ಯಾಕೆ ಹೇಳ್ದೆ?"

"ಇನ್ಯಾರಿಗೆ ಹೇಳ್ಲಿ? ಬೇರೆಯೋರಿಗೆ ಹೇಳಿದ್ರೆ ಅವರಿಗೆ ಕಳ್ಕೊಳ್ಳೋದು ಐತೆ. ನಿಮಗೇನೈತೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟು ಮಾಡಿ ಬಚಾವಾಗುತ್ತಿದ್ದೆ.

ಗಂಟನ್ನು ಹಿಟ್ಟಿನ ಚೀಲದಲ್ಲಿ ಹಾಕಿಕೊಂಡು ಹೋದೆ. ಷಣ್ಮುಖಪ್ಪನ ಹಿತ್ತಲಿನ ಗೋಡೆ ಅರ್ಧ ಕುಸಿದು ಎದೆಮಟ್ಟಕ್ಕಿದೆ, ಮುದುಕ ಹತ್ತಿ ದಾಟಲಾರ. ಆಚೆ ಚೆಂಡುಹೂ, ಅರ್ಧ ಒಣಗಿ ಅರ್ಧ ಇನ್ನೂ ಅರಿಶಿನ. ಅದರ ನಡುವೆ ಒಂದು ಕಲ್ಲುಚಪ್ಪಡಿ, ಗೋಡೆಯವರೆಗೆ ಬರಲು ಮುದುಕನಿಗೆ ಹೂವು ಬಿಟ್ಟುಕೊಟ್ಟಿದ್ದ ಅಷ್ಟೇ ಜಾಗ. ಕರೆದೆ. ಬಹಳ ಹೊತ್ತಿನ ಮೇಲೆ ಬಂದ. ಮೈ ಸೊರಗಿಹೋಗಿತ್ತು. ಆದರೂ ಮೊದಲು ಗಂಟು ಬಿಚ್ಚಲಿಲ್ಲ, ನನ್ನ ಮುಖ ನೋಡಿದ.

"ಹುಡುಗಿ ಎಲ್ಲಿ?"

"ಬರಲ್ಲ."

"ಗಿರಣಿ ಹಾಲಪ್ಪ ಅಲ್ವಾ ನೀನು. ಸುದ್ದಿ ಬಂತು. ಗೋಡೆ ಮುಚ್ಚಿದ್ರೂ ಗಾಳಿ ಬರ್ತದಲ್ಲ." ಹಲ್ಲಿಲ್ಲದ ಬಾಯಲ್ಲಿ ನಕ್ಕ. "ನನಗೂ ಒಬ್ಬ ಜೊತೆ ಆದ."

"ನಾನು ನಿನ್ನಂಥೋನಲ್ಲ ತಾತ."

"ಹೌದೌದು. ನಾನು ಕುಡಿದಿದ್ದೆ. ನೀನು ಎಚ್ಚರವಾಗಿದ್ದೆ."

ಗೋಡೆ ಹಾರಿ ಹೋಗಿ ಎರಡು ಬಿಡಬೇಕು ಅನ್ನಿಸಿತು, ಹೂವಿತ್ತು. ಅವನು ರೊಟ್ಟಿಯನ್ನು ನೀರಿಗೆ ಅದ್ದಿ ಅದ್ದಿ ತಿನ್ನುವುದನ್ನು ನೋಡುತ್ತ ನಿಂತೆ. ತಿನ್ನುತ್ತಲೇ, "ಹುಡುಗಿಗೆ ಹೇಳು, ಉಪ್ಪು ಸರಿಯಾಗೈತೆ ಅಂತ" ಅಂದ. ಅವತ್ತಿನಿಂದ ದಿನವೂ ರೊಟ್ಟಿ ಒಯ್ದದ್ದು ನಾನು. ರೇವಕ್ಕನೂ ಕೊಟ್ರಮ್ಮನೂ ಇಲ್ಲದ ಹೊತ್ತು ನೋಡಿ ಚಾಪೆಯ ಕೆಳಗಿನಿಂದ ಗಂಟು ಬರುತ್ತಿತ್ತು, ಖಾಲಿ ಬಟ್ಟೆ ಹಾಗೇ ವಾಪಸು ಹೋಗುತ್ತಿತ್ತು. ಮಾತಿಲ್ಲ.

ಗಿರಣಿಯಲ್ಲಿ ಕೂತರೆ ಇನ್ನೊಂದು ನರಕ. ಈಗ ನನಗೆ ಗೊತ್ತಿತ್ತು. ಯಾರೋ ಒಬ್ಬ ರಾಗಿ ಸುರಿಯುತ್ತ, "ಹಾಲಪ್ಪಣ್ಣ, ನೀನೇ ಕಣ್ಣಾರೆ ಕಂಡೋನು. ಲಾರಿಯೋನಾ, ಅಂಚೆಯೋನಾ?" ಅಂತ ಕಣ್ಣು ಮಿಟುಕಿಸುತ್ತಿದ್ದ. ಬಾಯಿಬಿಟ್ಟವನ ಜೊತೆ ಇಂಥ ಮಾತಾಡಲು ಅಡ್ಡಿ ಇಲ್ಲ ನೋಡಿ. ಸತ್ಯ ನಾಲಗೆಯ ತುದಿಯಲ್ಲಿ ಇರುತ್ತಿತ್ತು. ಬೆಲ್ಟ್ ಜೋರು ಮಾಡಿ ಕೇಳಿಸಲಿಲ್ಲ ಅನ್ನುತ್ತಿದ್ದೆ. ನಾನು ಸುಮ್ಮನಿದ್ದದ್ದನ್ನು ನೋಡಿ ಅವರು ಇನ್ನಷ್ಟು ನಂಬಿದರು. ಇಷ್ಟು ಬಾಯಿಬಡುಕನೇ ಹೇಳುತ್ತಿಲ್ಲ ಅಂದರೆ ಎಂಥ ಹೊಲಸು ಇರಬೇಕು ಅಂತ. ಮಾತಾಡಿ ಆ ಹುಡುಗಿಯ ಹೆಸರು ಕೆಡಿಸಿದ್ದೆ, ಈಗ ಮಾತಾಡದೆಯೂ ಕೆಡಿಸುತ್ತಿದ್ದೆ.

ಹುಣ್ಣಿಮೆ ಕಳೆಯಿತು. ಮಾತು ಮುಗಿಸಲು ಯಾರೂ ಬರಲಿಲ್ಲ. ರೇವಕ್ಕನ ಬಾಗಿಲಲ್ಲಿ ಕಾಯಿಗಳು ಒಂದೊಂದಾಗಿ ಸಿಡಿಯತೊಡಗಿದವು. ಬಿಸಿಲೇರಿದ ಮೇಲೆ ಕಿವಿಗೊಟ್ಟರೆ ಟಿಕ್, ಟಿಕ್ ಅಂತ ಕೇಳುತ್ತದೆ. ಬೀಜ ಬಾಗಿಲಿಗೆ, ಗೋಡೆಗೆ ಹೊಡೆದು ಕೆಳಗೆ ಬೀಳುತ್ತದೆ. ಸಿಪ್ಪೆ ಸುರುಳಿ ಸುತ್ತಿಕೊಂಡು ದಂಟಿನಲ್ಲೇ ಉಳಿಯುತ್ತದೆ. ಕೊನೆಕೊನೆಗೆ ಎಲ್ಲ ದಂಟೂ ಮಲಗಿ, ಒಂದೇ ಗಿಡದಲ್ಲಿ ಒಂದೇ ಕಾಯಿ ಉಳಿಯಿತು. ಅದೂ ಸಿಡಿದ ಬೆಳಿಗ್ಗೆ ಓಣಿಯವರೆಲ್ಲ ಬಂದು ಸೇರಿದರು. ಬಾಗಿಲು ತೆರೆಯುವುದನ್ನು ನೋಡಲು ಬರುವುದು ಪದ್ಧತಿ. ಈ ಸಲ ನೋಡಲು ಇನ್ನೂ ಏನೋ ಇದೆ ಅಂತ ಹೆಚ್ಚು ಜನ ಬಂದಿದ್ದರು.

ರೇವಕ್ಕ ಬಾಗಿಲು ತೆಗೆದಳು. ಒಣದಂಟುಗಳನ್ನು ಕೈಯಿಂದ ಸರಿಸಿ, ಮೆಟ್ಟಿಲಿಗೆ ನೀರು ಹಾಕಿದಳು. ಯಾರ ಮುಖವನ್ನೂ ನೋಡಲಿಲ್ಲ. ವನಜ ಒಳಗೆ ಕಂಬದ ಹತ್ತಿರ ನಿಂತಿದ್ದಳು. ಆಗಲೇ ಬೀದಿಯ ತುದಿಯಲ್ಲಿ ಆಟೊ ನಿಂತಿತು. ಇಳಿದದ್ದು ಹಂಪಮ್ಮ, ಹಿಂದೆ ಆ ಹುಡುಗ.

ಹಂಪಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದು ಮೆಟ್ಟಿಲ ಕೆಳಗೆ ನಿಂತಳು. ನಗುಮುಖ ಇರಲಿಲ್ಲ. "ನೋಡಮ್ಮ, ಇವನು ಬೇರೆ ಹೆಣ್ಣು ನೋಡಲ್ಲ ಅಂತ ಕೂತವ್ನೆ. ಊಟ ಸರಿಯಾಗಿ ಮಾಡ್ತಿಲ್ಲ. ಅವತ್ತು ಪಕ್ಕದ ಮನೆ ಒಳಗಿಂದ ಬಂದಿದ್ದೆ, ಕೇಳೋಕೆ ಬಾಯಿ ಬರ್ಲಿಲ್ಲ. ಇವತ್ತು ನಿಮ್ಮ ಬಾಗ್ಲಿಗೆ ಬಂದಿದೀನಿ. ಒಂದು ಮಾತು ಹೇಳಿ ಸಾಕು. ನಿಮ್ಮ ಮಗ್ಳು ದಿನಾ ಕತ್ಲಲ್ಲಿ ಎಲ್ಲಿಗೆ ಹೋಗ್ತಿದ್ಲು?"

ರೇವಕ್ಕ ಖಾಲಿ ಕೊಡ ಹಿಡಿದು ನಿಂತಳು. ಅವಳಿಗೆ ಗೊತ್ತಿದ್ದರೆ ತಾನೇ. ಹುಡುಗ ವನಜಳನ್ನೇ ನೋಡುತ್ತಿದ್ದ, ಏನಾದರೂ ಹೇಳು ಅನ್ನುವ ಹಾಗೆ. ವನಜ ಅಮ್ಮನನ್ನು ನೋಡಿದಳು, ಸೇರಿದ ಓಣಿಯನ್ನು ನೋಡಿದಳು, ನೆಲ ನೋಡಿದಳು.

"ಹೇಳಲ್ಲ ಅಂದ್ರೆ ಅದೂ ಒಂದು ಉತ್ತರಾನೇ" ಅಂದಳು ಹಂಪಮ್ಮ. "ನಡೆಯಪ್ಪ."

ಅವಳು ತಿರುಗಿದಳು. ಹುಡುಗ ತಿರುಗಲಿಲ್ಲ. ಅವಳು ತೋಳು ಹಿಡಿದಳು.

"ನಾನು ಕಳಿಸ್ತಿದ್ದೆ" ಅಂದೆ.

ನನ್ನ ಗಂಟಲು ಹೇಗೆಂದು ಹೇಳಿದೆನಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ತಯಾರಿ ಮಾಡಿಕೊಂಡು ಆಡಿದ ಮಾತಲ್ಲ. ಹುಟ್ಟಿದಂದಿನಿಂದ ನಾನು ಯಾವ ಮಾತನ್ನೂ ತಯಾರಿ ಮಾಡಿಕೊಂಡು ಆಡಿಲ್ಲ.

"ಕೊಡೆ ಷಣ್ಮುಖಪ್ಪಂಗೆ ರೊಟ್ಟಿ ಕಳಿಸ್ತಿದ್ದೆ. ರೊಟ್ಟಿ ನಮ್ಮನೇದು. ನಾನು ಹೋದ್ರೆ ಜನ ನೋಡ್ತಾರೆ ಅಂತ ಈ ಹುಡುಗಿ ಕೈಲಿ ಕಳಿಸ್ದೆ. ನಮ್ಮನೆ ದಾರಿ ತುಳಿಯೋಳು, ಇಲ್ಲ ಅ‍ನ್ನೋಕಾಗ್ಲಿಲ್ಲ ಅವಳಿಗೆ. ಅವರಮ್ಮಂಗೆ ಹೇಳ್ಬ್ಯಾಡ ಅಂತಾನೂ ನಾನೇ ಹೆದರ್ಸಿದ್ದೆ."

ಹಿಂದಿನಿಂದ ಯಾರೋ, "ಬಾಯಿಬಿಟ್ಟವನಿಗೆ ಅನ್ನ ಹಾಕಿದ್ಯಾ?" ಅಂದರು.

"ಹಾಕ್ದೆ. ಏನ್ ಮಾಡ್ತೀರಿ? ದಾರಿ ಕೊಡಲ್ವಾ? ಅದು ಆಗ್ಲೇ ಹೋಯ್ತಲ್ಲ."

ಹಂಪಮ್ಮ ಹತ್ತಿರ ಬಂದು ನನ್ನನ್ನು ದಿಟ್ಟಿಸಿದಳು. ಬುದ್ಧಿವಂತೆ. "ಅವತ್ತು ಎಲ್ಲಿಗೆ ಅಂತ ಕೇಳೇ ಇಲ್ಲ ಅಂದ್ರಿ?"

"ಕಳಿಸಿದೋನು ಯಾಕಮ್ಮ ಕೇಳ್ಲಿ?"

ಅವಳು ಕೊಟ್ರಮ್ಮನ ಕಡೆ ನೋಡಿದಳು. ಕೊಟ್ರಮ್ಮನಿಗೆ ಈ ಯಾವುದೂ ಗೊತ್ತಿರಲಿಲ್ಲ. ಅವಳ ಹಂಚಿನ ಮೇಲೆ ಷಣ್ಮುಖಪ್ಪನಿಗಾಗಿ ಒಂದು ರೊಟ್ಟಿಯೂ ಬೆಂದಿರಲಿಲ್ಲ. ಅವಳು ನನ್ನನ್ನು ನೋಡಿದಳು, ಆಮೇಲೆ ಕಂಬದ ಹತ್ತಿರ ನಿಂತ ಹುಡುಗಿಯನ್ನು ನೋಡಿದಳು. ಅಲ್ಲೇನು ಕಂಡಳೋ. "ಹೌದು, ನಾನೇ ಸುಟ್ಟಿದ್ದು" ಅಂದಳು, ಬೆಲೆ ಹೇಳುವವಳಂತೆ ಒಣದನಿಯಲ್ಲಿ.

"ಹೌದೇನಮ್ಮ?" ಹಂಪಮ್ಮ ಬಾಗಿಲೊಳಗೆ ಕೇಳಿದಳು.

ವನಜ ನನ್ನನ್ನು ನೋಡಿದಳು. ಮೊದಲ ಸಲ ಚಾಪೆ ಇಲ್ಲದೆ, ಎದುರುಬದುರು. ಮಳೆಗಾಲವೆಲ್ಲ ಅಮ್ಮ ಏಳುವ ಮೊದಲು ಹೊಗೆ ಬರದ ಹಾಗೆ ಒಲೆ ಹಚ್ಚಿದವಳು, ಬರಿಗಾಲಲ್ಲಿ ಮಳೆಯಲ್ಲಿ ಹೋದವಳು ಅವಳು. ಹೌದು ಅಂದರೆ ಅದೆಲ್ಲ ನನ್ನದಾಗುತ್ತದೆ, ಇಲ್ಲ ಅಂದರೆ ಅಮ್ಮನ ಬಾಗಿಲು ಮುಚ್ಚುತ್ತದೆ. ನಾನು ಅವಳಿಗೆ ಬಿಟ್ಟದ್ದು ಅಷ್ಟೇ.

"ಹೌದು" ಅಂದಳು. "ಮಾವನ ರೊಟ್ಟಿ."

ಅಷ್ಟರಲ್ಲಿ ಹಂಪಮ್ಮನ ಕಣ್ಣಲ್ಲಿ ನೀರು. ಅವರೂರಲ್ಲಿ ಹಸಿದವನಿಗೆ ಅನ್ನ ಹಾಕಿದರೆ ಪುಣ್ಯ, ಬೇರೆ ಲೆಕ್ಕವಿಲ್ಲ. "ಎಂಥ ಮನುಷ್ಯನನ್ನ ಬಾಡಿಗೆ ಕೇಳಿಬಿಟ್ನಲ್ಲಪ್ಪ" ಅನ್ನುತ್ತ ಆ ದೊಡ್ಡ ಹೆಂಗಸು ಬೀದಿಯಲ್ಲೇ ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದೆ. ಸರಿದಷ್ಟೂ ಮುಂದೆ ಬಂದು ಮುಟ್ಟಿಯೇ ಬಿಟ್ಟಳು. ಓಣಿಯವರು ಒಬ್ಬೊಬ್ಬರಾಗಿ ಕರಗಿದರು. ಹೋಗುವಾಗ ಯಾರೂ ನನ್ನನ್ನು ಮಾತಾಡಿಸಲಿಲ್ಲ. ರೇವಕ್ಕನಿಗೆ ಮಾತ್ರ, "ಬಾಗ್ಲು ತೆರೀತಲ್ಲ ಬಿಡವ್ವ" ಅಂದು ಹೋದರು.

ಅವತ್ತೇ ಮಾತು ಮುಗಿಯಿತು. ಹುಡುಗ ನಗುವುದನ್ನು ಆಗ ಕಂಡೆ. ಊಟಕ್ಕೆ ಸಾಲಾಗಿ ಎಲೆ ಹಾಕಿದರು. ನಾನು ಗಿರಣಿಗೆ ಹೋಗಬೇಕು ಅಂದೆ. ಹಂಪಮ್ಮ ಬಿಡಲಿಲ್ಲ. "ಮೊದ್ಲ ಎಲೆ ಇವರಿಗೇ ಹಾಕ್ಬೇಕು. ಇವರಿಂದಾನೇ ಇವತ್ತು ಈ ಮನೇಲಿ ಒಲೆ ಹತ್ತಿದ್ದು" ಅಂತ ನನ್ನ ಭುಜ ಒತ್ತಿ ಕೂರಿಸಿದಳು. ಕೊಟ್ರಮ್ಮ ಆಚೆ ಸಾಲಿನಲ್ಲಿ ಕೂತು ನನ್ನ ಕಡೆ ನೋಡದೆ ಅನ್ನ ಕಲಸುತ್ತಿದ್ದಳು.

ರೊಟ್ಟಿ ಬಡಿಸಲು ಬಂದದ್ದು ರೇವಕ್ಕ. ಈ ಮಳೆಗಾಲದಲ್ಲಿ ಡಬ್ಬಿಯ ಹಿಟ್ಟು ಯಾಕೆ ಬೇಗ ಮುಗಿಯುತ್ತಿತ್ತು, ಹೊಲಿಗೆಯ ಚೂರುಗಳು ಎಲ್ಲಿ ಹೋಗುತ್ತಿದ್ದವು ಅಂತ ಅವಳಿಗೆ ಆ ಹೊತ್ತಿಗೆ ಹೊಳೆದಿತ್ತು. ಅದು ಅವಳು ರೊಟ್ಟಿ ಹಿಡಿದ ರೀತಿಯಲ್ಲೇ ತಿಳಿಯಿತು. ಬಾಗಿ, ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಅಂದಳು. "ತಿನ್ನಿ ಹಾಲಪ್ಪಣ್ಣ. ನಿಮ್ಮನೇದೇ ಅಂದ್ಕೊಂಡು ತಿನ್ನಿ."

ಹಿಂದೆಯೇ ವನಜ ಪಲ್ಯ ತಂದಳು. ಎಲೆಯ ಮೂಲೆಗೆ ಬಡಿಸಿ ಮುಂದಿನ ಎಲೆಗೆ ಹೋದಳು.

ಹಂಪಮ್ಮ ಆ ಕಡೆಯಿಂದ ಹುಡುಗನಿಗೆ ಹೇಳುತ್ತಿದ್ದಳು, "ನೋಡಿ ಕಲ್ತ್ಕೊ. ಇಂಥೋರ ಮಾತು ಒರಟು, ಕೈ ಮಾತ್ರ ಮೆತ್ತಗೆ." ನಾನು ರೊಟ್ಟಿ ಮುರಿದೆ. ಉಪ್ಪು ಸರಿಯಾಗಿತ್ತು. ತಲೆ ಎತ್ತಲು ಆಗದೆ, ಎಲೆಯ ಮೇಲೆ ಬಗ್ಗಿಕೊಂಡೇ ತಿಂದೆ. ಬಂದವರು ಅದನ್ನು ವಿನಯ ಅಂದುಕೊಂಡರು.